ಅಳೆದು ಕೊಂಡ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಗೃಹಸ್ಥರಿಲ್ಲ. ಆದರೆ ಬೇರೊಬ್ಬರು ಕಟ್ಟಿದ ಮನೆಯನ್ನು ಕೊಂಡು ನೋಡುವವರ ಪಾಡನ್ನು ಕುರಿತು ನಮ್ಮ ಹಿರಿಯರು ಹೆಚ್ಚಾಗಿ ಹೇಳಿದಂತೆ ಕಾಣದು. ಅದಕ್ಕೆ ಕಾರಣವೂ ಉಂಟು. ಅವರ ಕಾಲದಲ್ಲಿ ಹಳ್ಳಿಯ ಮನೆಯೆಂಬುದು ತಂದೆಯಿಂದ ಮಗನಿಗೆ ಇಳಿದುಬರುವ ಸ್ವತ್ತಾಗಿತ್ತು. ಗುರುತಿಲ್ಲದವನು ಗುರುತಿಲ್ಲದವನಿಗೆ ಅದನ್ನು ಕ್ರಯಕ್ಕೆ ಕೊಡುವುದು ಅಪೂರ್ವವಾಗಿತ್ತು. ಈಗ ಕಾಲ ಬೇರೆಯಾಗಿದೆ. ಹೊಸಕೋಟೆಯಿಂದ ಬೇತಮಂಗಲದವರೆಗಿನ ಹೊಸ ಹೆದ್ದಾರಿ 2024ರ ಕೊನೆಯಲ್ಲಿ ತೆರೆದ ಮೇಲಂತೂ ಬಂಗಾರಪೇಟೆಯ ಸುತ್ತಣ ಹಳ್ಳಿಗಳಲ್ಲಿ ಮನೆ, ನಿವೇಶನಗಳನ್ನು ವಿಚಾರಿಸುತ್ತ ಬರುವವರು ದಿನಕ್ಕೊಬ್ಬರು. ಕಟ್ಟುವವನು ತಳಪಾಯವನ್ನು ಕಣ್ಣಾರೆ ಕಾಣುವನು. ಕೊಳ್ಳುವವನಿಗೆ ಕಾಣುವುದು ಮೇಲಣ ಸುಣ್ಣ ಮಾತ್ರ. ಆದುದರಿಂದ ಹಳ್ಳಿಯಲ್ಲಿ ಮನೆ ಕೊಳ್ಳುವವರು ಮುಂಗಡದ ಹಣ ಕೊಡುವುದಕ್ಕೆ ಮುನ್ನ, ಆ ವಿದ್ಯೆಯನ್ನು ಬಲ್ಲವರಿಂದ ನೆಲವನ್ನು ಅಳೆಯಿಸಿ ಕಟ್ಟಡವನ್ನು ಪರೀಕ್ಷಿಸಿಕೊಳ್ಳುವುದು ಎಷ್ಟು ಅಗತ್ಯವೆಂಬುದನ್ನು ನನ್ನ ಅನುಭವದಿಂದ ನಾಲ್ಕು ಮಾತಿನಲ್ಲಿ ಅರಿಕೆಮಾಡಬೇಕೆಂದಿರುವೆನು.

ನಾನು ಚಿನ್ನದ ಗಣಿಯ ಪ್ರಾಂತದಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟವನು. ಈ ಊರಿನ ವೃತ್ತಾಂತ ಅನೇಕರಿಗೆ ತಿಳಿದದ್ದೇ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಕೈಯಿಟ್ಟರು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪದವರೆಗೆ ರೈಲು ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಬಂದಿತು. ಮೈಸೂರು ಮೈನ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಗಣಿಗಳು ಒಂದೇ ಚಿನ್ನದ ಪದರವನ್ನು ಹಿಡಿದು ಸಾಲಾಗಿ ಇಳಿದವು. ಚಾಂಪಿಯನ್ ರೀಫಿನ ಆಳ ಮೂರು ಕಿಲೋಮೀಟರುಗಳನ್ನೂ ಮೀರಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಂದು ನನ್ನ ತರಗತಿಯಲ್ಲಿ ಕುಳಿತಿದ್ದ ಹುಡುಗರಲ್ಲಿ ಅನೇಕರ ತಂದೆಯಂದಿರು ಕೆಲಸ ಕಳೆದುಕೊಂಡರು. ಕಂಪೆನಿಯ ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದು, ಗೋಡೆ ತನ್ನದು, ನೆಲ ತನ್ನದಲ್ಲ ಎಂಬ ಸ್ಥಿತಿಯಲ್ಲಿ ಮುಪ್ಪಾದವರನ್ನು ನಾನು ದಿನವೂ ಕಂಡಿರುವೆನು. ನೆಲದ ಹಕ್ಕು ಖಚಿತವಾಗಿರಬೇಕೆಂಬ ಆತುರ ನನಗೆ ಹತ್ತಿದ್ದು ಅವರನ್ನು ನೋಡಿಯೇ.

ಇಲ್ಲಿ ಇನ್ನೊಂದು ಸೋಜಿಗವನ್ನು ಹೇಳಬೇಕು. ಭೂಮಿಯ ಒಳಗೆ, ಕಣ್ಣಿಗೆ ಕತ್ತಲೆಯಲ್ಲದೆ ಬೇರೇನೂ ಕಾಣದ ಕಡೆಯಲ್ಲಿ, ಒಂದು ಗಣಿಯ ಸುರಂಗ ಪಕ್ಕದ ಗಣಿಯ ಎಲ್ಲೆಯನ್ನು ಹೊಗದಂತೆ ಅಳೆದು ನಕ್ಷೆಮಾಡುವವರು ಇದ್ದರು. ಅಳತೆಗಾರನ ಗುರುತಿಲ್ಲದೆ ಸುರಂಗ ಮುಂದೆ ಸಾಗುತ್ತಿರಲಿಲ್ಲ. ಅದೇ ನೆಲದ ಮೇಲೆ, ಹಗಲು ಬೆಳಕಿನಲ್ಲಿ, ನಾವು ಮಾತ್ರ "ಅಗೋ, ಆ ಹುಣಿಸೆಮರದಿಂದ ಈ ಒರಳುಕಲ್ಲಿನವರೆಗೆ" ಎಂದು ಕೈತೋರಿಸಿ ಮನೆಗಳನ್ನು ಮಾರುತ್ತಿದ್ದೇವೆ.

ಸೇವೆಯಿಂದ ನಿವೃತ್ತನಾದ ಮೇಲೆ ಬಾಡಿಗೆಯ ಮನೆ ಸಾಕು, ಶೇಷಾಯುಷ್ಯವನ್ನು ಹಳ್ಳಿಯಲ್ಲಿ ಕಳೆಯೋಣವೆಂದು ನಾನೂ ನನ್ನ ಗೃಹಿಣಿಯೂ ನಿಶ್ಚಯಿಸಿದೆವು. ಬಂಗಾರಪೇಟೆಯ ರೈಲ್ವೆ ನಿಲ್ದಾಣಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿರುವ ಒಂದು ಹಳ್ಳಿಯಲ್ಲಿ ಮನೆಯೊಂದು ದೊರೆಯಿತು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಊರು. ಒಂದು ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಕಲ್ಲುಚಪ್ಪಡಿಯ ಮಾಳಿಗೆ, ಮುಂದೆ ಜಗುಲಿ, ಹಿಂದೆ ಎರಡು ತೆಂಗಿನ ಮರ. ಮಾರುವ ಯಜಮಾನರು ಎಪ್ಪತ್ತು ದಾಟಿದ ಮರ್ಯಾದಸ್ಥರು. ಬೆಲೆ ನಮ್ಮ ಶಕ್ತಿಗೆ ಸರಿಯಾಗಿತ್ತು. ಸರಿಯಾಗಿತ್ತೆಂದರೆ, ಸೇವೆಯ ಕೊನೆಯಲ್ಲಿ ಕೈಗೆ ಬಂದದ್ದು ಮುಕ್ಕಾಲುಪಾಲು ಅದಕ್ಕೇ ಹೋಗುವಂತಿತ್ತು. "ಇದು ಒಂದು ಸಲ ಎಸೆಯುವ ದಾಳ. ಬಿದ್ದಮೇಲೆ ಮತ್ತೆ ಎತ್ತಿಕೊಳ್ಳುವ ಹಾಗಿಲ್ಲ" ಎಂದು ನನ್ನಾಕೆ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿತು.

ಕ್ರಯಪತ್ರದಲ್ಲಿ ಏನಿತ್ತು? ಪೂರ್ವ-ಪಶ್ಚಿಮ 40 ಅಡಿ, ಉತ್ತರ-ದಕ್ಷಿಣ 60 ಅಡಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಹಿತ್ತಿಲು, ಉತ್ತರಕ್ಕೆ ಕಾಲುವೆ, ದಕ್ಷಿಣಕ್ಕೆ ಬೀದಿ. ಆ "ಇಂಥವರು" ಗತಿಸಿ ನಲವತ್ತು ವರ್ಷಗಳಾಗಿದ್ದವು. ಮರ ಬೀಳುವುದು, ಮನುಷ್ಯ ಸಾಯುವನು, ಕಾಲುವೆ ಮುಚ್ಚುವುದು; ಕಾಗದದ ಎಲ್ಲೆ ಮಾತ್ರ ಹಾಗೆಯೇ ಉಳಿಯುವುದು.

ನಾನು ಅಳತೆಯ ಮಾತೆತ್ತಿದ ಕೂಡಲೆ ಯಜಮಾನರ ಮುಖ ಸಣ್ಣಗಾಯಿತು. "ಮೇಷ್ಟ್ರೇ, ನಮ್ಮ ತಾತನ ಕಾಲದ ಮನೆ. ಇದುವರೆಗೆ ಇಲ್ಲಿ ಯಾರೂ ಹಗ್ಗ ಹಿಡಿದವರಿಲ್ಲ. ನನ್ನ ಮಾತಿನಲ್ಲಿ ನಂಬಿಕೆಯಿಲ್ಲವೆ?" ಎಂದರು. ಈ ಪ್ರಶ್ನೆಗೆ ಹೆದರಿಯೇ ನೂರರಲ್ಲಿ ತೊಂಬತ್ತು ಮಂದಿ ಸುಮ್ಮನಾಗಿಬಿಡುವರು. ದಾಕ್ಷಿಣ್ಯವೆಂಬುದು ನಮ್ಮ ಜನರ ಗುಣವೂ ಹೌದು, ವ್ಯಾಜ್ಯಗಳ ಬೀಜವೂ ಹೌದು. ನಾನು, "ಸ್ವಾಮಿ, ತಮ್ಮನ್ನು ನಂಬಿಯೇ ಮನೆಯನ್ನು ನೋಡಲು ಬಂದಿದ್ದೇನೆ. ತಮ್ಮ ಮಾತು ತಮ್ಮ ಜೊತೆಗಿರುವುದು, ನಾಳೆ ನನ್ನ ಮಕ್ಕಳ ಜೊತೆಗೆ ಉಳಿಯುವುದು ಅಳತೆಯೊಂದೇ" ಎಂದೆನು. ಅವರು ತಲೆದೂಗಿ ಒಪ್ಪಿದರು.

ಸಂಸ್ಕೃತದಲ್ಲಿ "ಮಾನ" ಎಂದು ಎರಡು ಶಬ್ದಗಳಿವೆ. ಒಂದು "ಮಾ" ಎಂಬ ಧಾತುವಿನಿಂದ ಬಂದದ್ದು, ಅಳತೆಯೆಂದರ್ಥ. ಪ್ರಮಾಣ, ಪರಿಮಾಣ, ಅನುಮಾನ ಮೊದಲಾದುವು ಅದರ ಬಂಧುಗಳು. ಇನ್ನೊಂದು "ಮನ್" ಎಂಬ ಧಾತುವಿನಿಂದ ಬಂದದ್ದು, ಗೌರವವೆಂದರ್ಥ. ಹುಟ್ಟು ಬೇರೆ, ರೂಪ ಒಂದೇ. ನೆಲದ ವಿಷಯದಲ್ಲಂತೂ ಇವೆರಡೂ ಒಟ್ಟಿಗೆ ಇರುವುವೆಂದು ನನಗೆ ತೋರುವುದು: ಮೊದಲನೆಯ ಮಾನವಿದ್ದಲ್ಲಿ ನೆರೆಹೊರೆಯವರ ನಡುವೆ ಎರಡನೆಯ ಮಾನ ಉಳಿಯುವುದು.

ನಮ್ಮ ಪೂರ್ವಿಕರಿಗೂ ಇದು ತಿಳಿಯದ ಸಂಗತಿಯಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಸೀಮಾವಿವಾದಕ್ಕೆಂದೇ ಒಂದು ಪ್ರಕರಣವಿದೆ. ಎಲ್ಲೆಯ ಗುರುತುಗಳು ಚೆನ್ನಾಗಿ ಕಾಣುವ ಜ್ಯೇಷ್ಠಮಾಸದಲ್ಲಿ ಅಂಥ ವ್ಯಾಜ್ಯವನ್ನು ತೀರ್ಮಾನಿಸಬೇಕೆಂದೂ, ಆಲ, ಅಶ್ವತ್ಥಗಳಂಥ ಮರಗಳನ್ನು ಎಲ್ಲೆಯಲ್ಲಿ ನೆಡಬೇಕೆಂದೂ ಅಲ್ಲಿ ವಿಧಿಸಿದೆ. ಅಷ್ಟೇ ಅಲ್ಲ, ಎಲ್ಲೆಯ ವಿಷಯದಲ್ಲಿ ಜನರು ಸದಾ ತಪ್ಪುವುದನ್ನು ಕಂಡು, ಕಲ್ಲು, ಮೂಳೆ, ಬೂದಿ, ಇದ್ದಲು, ಇಟ್ಟಿಗೆ, ಒಡೆದ ಮಡಕೆಯ ಚೂರು ಮುಂತಾದುವನ್ನು ನೆಲದೊಳಗೆ ಗುಟ್ಟಾಗಿ ಹೂಳಿಡಬೇಕೆಂದೂ ಹೇಳಿದೆ. ನಮ್ಮ ಸೀಮೆಯ ಶಾಸನಗಳಲ್ಲಿ ದಾನಕೊಟ್ಟ ಭೂಮಿಗೆ ಚತುಸ್ಸೀಮೆಯನ್ನು ಬರೆಯದೆ ಬಿಟ್ಟವು ವಿರಳ. ವಾಮನಮುದ್ರೆಯ ಕಲ್ಲು, ಲಿಂಗಮುದ್ರೆಯ ಕಲ್ಲುಗಳು ಇಂದಿಗೂ ಹೊಲಗಳ ಅಂಚಿನಲ್ಲಿ ನಿಂತಿವೆ. ದೇವರಿಗೆ ಕೊಟ್ಟ ಭೂಮಿಯನ್ನೇ ಎಲ್ಲೆ ಗುರುತಿಸಿ ಕೊಟ್ಟಿರುವಾಗ, ಮನುಷ್ಯರು ಮನುಷ್ಯರಿಂದ ಕೊಳ್ಳುವ ಭೂಮಿಗೆ ಅಳತೆಯೇಕೆಂದು ಕೇಳುವುದು ಯುಕ್ತವೆ?

ಮೈಸೂರು ಸೀಮೆಯಲ್ಲಿ ಕಂದಾಯದ ಭೂಮಾಪನವು ಮುಂಬಯಿಯ ಪದ್ಧತಿಯಂತೆ 1863ರಲ್ಲಿ ಆರಂಭವಾಯಿತು. ಆಗ ಇಲ್ಲಿ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರನ್ನೇ ನಮ್ಮ ಬಂಗಾರಪೇಟೆ ಬಹುಕಾಲ ಹೊತ್ತಿದ್ದಿತು. 33 ಅಡಿಯ ಸರಪಳಿ, ಅದರಲ್ಲಿ 16 ಆಣೆ. ಒಂದು ಸರಪಳಿ ಚೌಕವಾದರೆ ಒಂದು ಗುಂಟೆ, ಎಂದರೆ 1,089 ಚದರಡಿ. ಅಂಥ 40 ಗುಂಟೆಗೆ ಒಂದು ಎಕರೆ. ಇದು ಹೊಲ ಗದ್ದೆಗಳ ಮಾತು. ಅವುಗಳಿಗೆ ಸರ್ವೆ ನಂಬರು, ಟಿಪ್ಪಣಿ, ಆಕಾರಬಂದು, ಪಹಣಿ ಎಲ್ಲವೂ ಉಂಟು. ಎಲ್ಲೆ ತಪ್ಪಿದರೆ ಹದ್ದುಬಸ್ತಿಗೆ ಅರ್ಜಿ ಕೊಡಬಹುದು. ಒಂದು ನಂಬರಿನಲ್ಲಿ ಒಂದು ಭಾಗವನ್ನು ಮಾತ್ರ ಮಾರುವುದಾದರೆ 11-ಇ ನಕ್ಷೆ ಆಗಬೇಕು. ಆದರೆ ಗ್ರಾಮಠಾಣವೆಂದು ಕರೆಯುವ ಮನೆಗಳ ಗುಂಪನ್ನು ಹಿಂದೆ ಒಟ್ಟಾಗಿ ಒಂದು ಗೆರೆಯೊಳಗೆ ಬಿಟ್ಟರೇ ಹೊರತು ಒಂದೊಂದು ಮನೆಯನ್ನೂ ಹೊಲದಂತೆ ಅಳೆದು ನಂಬರು ಹಾಕಲಿಲ್ಲ. ಹಳ್ಳಿಯ ಮನೆಯ ಗೊಂದಲಕ್ಕೆಲ್ಲ ಇದೇ ಮೂಲ. ಈಗ ಪಂಚಾಯತಿಯವರು ಇ-ಸ್ವತ್ತಿನಲ್ಲಿ ನಮೂನೆ 9, 11-ಎ, 11-ಬಿ ಎಂದು ದಾಖಲೆ ಕೊಡುತ್ತಾರೆ. ಗ್ರಾಮಠಾಣದ ಮನೆಗೆ ಸಲ್ಲುವುವು ಮೊದಲಿನ ಎರಡು. 11-ಬಿ ಎಂದಿದ್ದರೆ ಅದು ಏಕೆ ಹಾಗಿದೆಯೆಂದು ವಿಚಾರಿಸದೆ ಮುಂದಡಿಯಿಡಬಾರದು. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವವೆಂಬ ಯೋಜನೆಯಲ್ಲಿ ಡ್ರೋನನ್ನು ಹಾರಿಸಿ ಗ್ರಾಮಠಾಣಗಳ ನಕ್ಷೆ ತೆಗೆಯುತ್ತಾರೆ. ಅದಕ್ಕೆ ಮುನ್ನ ಮನೆಯವರ ಎದುರಿನಲ್ಲಿ ಎಲ್ಲೆಗೆ ಸುಣ್ಣದ ಗುರುತು ಹಾಕುವರು. ಒಳ್ಳೆಯ ಕೆಲಸ. ಆದರೆ ಆಕಾಶದಿಂದ ನೋಡುವ ಯಂತ್ರಕ್ಕೆ ಗೋಡೆ ಕಾಣುವುದೇ ಹೊರತು ಗೋಡೆಯ ನ್ಯಾಯ ಕಾಣದು. ಸುಣ್ಣ ಹಾಕುವ ದಿನ ಬಡವರು ಬಾಯಿಬಿಡದಿದ್ದರೆ ತಪ್ಪು ಗೆರೆಯೂ ಒಪ್ಪಾಗಿ ಕುಳಿತುಬಿಡುವುದು.

ಪರವಾನಗಿ ಪಡೆದ ಭೂಮಾಪಕರೊಬ್ಬರನ್ನು ನಾನೇ ಗೊತ್ತುಮಾಡಿದೆನು. ದಲ್ಲಾಳಿ ಕರೆತಂದವರೂ ಅಲ್ಲ, ಮಾರುವವರ ನೆಂಟರೂ ಅಲ್ಲ, ನನ್ನ ಶಿಷ್ಯರೂ ಅಲ್ಲ. ಅಳೆಯುವವನು ಯಾರ ಮುಖವನ್ನೂ ನೋಡಬೇಕಾದವನಾಗಿರಬಾರದು. ಆ ತರುಣರು ಬಂದು, ಬರಿಯ ನಮ್ಮ ನಿವೇಶನವನ್ನಲ್ಲದೆ ಬೀದಿಯ ಈ ಮೂಲೆಯಿಂದ ಆ ಮೂಲೆಯವರೆಗೆ ಇಡೀ ಸಾಲನ್ನು ಅಳೆದರು. ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ಪತ್ರದಲ್ಲಿ 40 ಅಡಿ, ನೆಲದ ಮೇಲೆ 44 ಅಡಿ ಇದೆ" ಎಂದರು. ಹೆಚ್ಚು ಸಿಕ್ಕಿದರೆ ಸಂತೋಷಪಡುವುದು ಲೋಕಸ್ವಭಾವ. ನನಗೆ ಮಾತ್ರ, ಈ ನಾಲ್ಕು ಅಡಿ ಎಲ್ಲಿಂದ ಬಂದಿತೆಂಬ ಚಿಂತೆ ಹತ್ತಿತು. ಭೂಮಿಯು ಬೆಳೆಯುವ ಪದಾರ್ಥವಲ್ಲವಷ್ಟೆ.

ಪೂರ್ವದ ಮನೆಯಲ್ಲಿ ಪತಿಯನ್ನು ಕಳೆದುಕೊಂಡ ವೃದ್ಧೆಯೊಬ್ಬರು ಒಂಟಿಯಾಗಿದ್ದರು. ಅವರ ಪೆಟ್ಟಿಗೆಯಲ್ಲಿದ್ದ ಹಳೆಯ ಪತ್ರದಲ್ಲಿ ಅಗಲ 30 ಅಡಿ. ನೆಲದ ಮೇಲೆ 26. ಅಲ್ಲಿ ನಾಲ್ಕು ಕೊರೆ, ಇಲ್ಲಿ ನಾಲ್ಕು ಹೆಚ್ಚು. ಸಾಲಿನ ಉಳಿದ ಮನೆಗಳೆಲ್ಲ ಸರಿ. ಉದ್ದ 60 ಅಡಿಗೆ ನಾಲ್ಕರಂತೆ 240 ಚದರಡಿ. ಯಜಮಾನರ ಸುತ್ತುಗೋಡೆಯೇ ಆ ಕಡೆಗೆ ಸರಿದು ನಿಂತಿದ್ದಿತು. ಭೂಮಾಪಕರು ನಿಜವಾದ ಎಲ್ಲೆಯಲ್ಲಿ ಗೂಟ ಹೊಡೆದಾಗ ಆಕೆ ಹೊರಗೆ ಬಂದು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತರು. "ಸ್ವಾಮಿ, ನಮ್ಮ ಯಜಮಾನರು ಕೊನೆಯವರೆಗೂ ಇದನ್ನೇ ಹೇಳುತ್ತಿದ್ದರು. ಕೇಳುವವರಿರಲಿಲ್ಲ" ಎಂದಷ್ಟೇ ಹೇಳಿ ಒಳಕ್ಕೆ ಹೋದರು.

ಮಾರುವವರ ಸೋದರಳಿಯ ಕಾನೂನು ಬಲ್ಲವರು. ಗೋಡೆ ಕಟ್ಟಿ ಇಪ್ಪತ್ತು ವರ್ಷಗಳು ಕಳೆದಿವೆಯೆಂದೂ, 1963ರ ಕಾಲಮಿತಿ ಕಾಯಿದೆಯಂತೆ 12 ವರ್ಷ ಮೀರಿದ ಅನುಭವ ತಮ್ಮದೆಂದೂ ವಾದಿಸಿದರು. "ಅಂಥ ಹಕ್ಕನ್ನು ನ್ಯಾಯಾಲಯದಲ್ಲಿ ಸಾಧಿಸಿ ತೋರಿಸಬೇಕಪ್ಪ, ನಾನು ಕೊಳ್ಳಲು ಬಂದದ್ದು ಮನೆಯನ್ನು, ವ್ಯಾಜ್ಯವನ್ನಲ್ಲ. ಅಲ್ಲದೆ ಆ ತಾಯಿಯ ನೆಲದ ಮೇಲೆ ನಾನು ತುಳಸಿಕಟ್ಟೆ ಕಟ್ಟಲಾರೆ. ಪತ್ರದಲ್ಲಿರುವ 40 ಅಡಿಗೇ ಕ್ರಯ ಬರೆಯುವುದಾದರೆ ಸರಿ, ಇಲ್ಲವಾದರೆ ನಮಸ್ಕಾರ" ಎಂದು ಎದ್ದು ಬಂದೆವು. ಹತ್ತು ದಿನ ಮಾತುಕತೆಯಿಲ್ಲ. ಅಷ್ಟು ಒಪ್ಪುವ ಮನೆ ಮತ್ತೆ ಸಿಕ್ಕೀತೇ ಎಂದು ಮನೆಯಲ್ಲಿ ಇಬ್ಬರಿಗೂ ವ್ಯಥೆ. ಹನ್ನೊಂದನೆಯ ದಿನ ಯಜಮಾನರು ತಾವೇ ಬಂದರು. "ಆ ಗೋಡೆ ಹಾಕಿಸಿದ್ದು ನನ್ನ ಅಣ್ಣ. ನಾನು ಬೇಡವೆನ್ನದೆ ಇದ್ದೆ. ಊರು ಬಿಟ್ಟು ಹೋಗುವವನು ಆಕೆಯ ನಿಟ್ಟುಸಿರನ್ನು ಕಟ್ಟಿಕೊಂಡು ಹೋಗುವುದು ಬೇಡ. ಗೂಟ ಇರುವ ಕಡೆಗೇ ಬರೆಯಿಸಿ, ಮೇಷ್ಟ್ರೇ" ಎಂದರು. ಹಳೆಯ ಗೋಡೆಯನ್ನು ತೆಗೆಯಿಸುವ ಖರ್ಚು ಅವರದು, ಹೊಸದನ್ನು ಹಾಕಿಸುವ ಖರ್ಚು ನನ್ನದು ಎಂದು ಗೊತ್ತಾಯಿತು. ಮನಸ್ಸಿನಲ್ಲಿ ಧರ್ಮವಿದ್ದರೂ ಎಷ್ಟೋ ವೇಳೆ ಅದನ್ನು ನಡೆಸುವುದಕ್ಕೆ ಒಂದು ನಿಮಿತ್ತ ಬೇಕಾಗುವುದು. ಇಲ್ಲಿ ಆ ನಿಮಿತ್ತ ಒಂದು ಅಳತೆಯ ಗೂಟ.

ಇನ್ನು ಕಟ್ಟಡದ ಪರೀಕ್ಷೆ. ನೆಲವನ್ನು ಅಳೆಯುವವರು ಬೇರೆ, ಕಟ್ಟಡವನ್ನು ನೋಡುವವರು ಬೇರೆ. ಒಬ್ಬರನ್ನು ಕರೆದರೆ ಇಬ್ಬರ ಕೆಲಸವೂ ಆದೀತೆಂದು ಎಣಿಸಬಾರದು. ಅನುಭವಸ್ಥರಾದ ಎಂಜಿನಿಯರೊಬ್ಬರು ಬಂದು ತೊಲೆಗಳನ್ನು ಕೋಲಿನಿಂದ ತಟ್ಟಿ ಗೆದ್ದಲು ತಿಂದ ಎರಡನ್ನು ತೋರಿಸಿದರು. ಚಪ್ಪಡಿಗಳ ಸಂದಿನ ಗಾರೆ ಸತ್ತಿದೆ, ಹೊಸದಾಗಿ ತುಂಬಿಸಬೇಕೆಂದರು. ನಡುಮನೆಯ ಗೋಡೆಯಲ್ಲಿ ಓರೆಯಾದ ಬಿರುಕೊಂದಿತ್ತು. "ಅದು ಏರ್ ಬ್ಲಾಸ್ಟಿನದು" ಎಂದು ಊರವರ ಮಾತು. ಗಣಿಯ ಆಳದಲ್ಲಿ ಒತ್ತಡಕ್ಕೆ ಬಂಡೆ ಸಿಡಿದಾಗ ಮೇಲೆ ಮನೆಗಳು ಅದುರುತ್ತಿದ್ದುದು ನಿಜ. ಗಣಿಯ ಜನ ಅದಕ್ಕೆ ಇಟ್ಟ ಹೆಸರು ಅದು. ಆದರೆ ಎಂಜಿನಿಯರು, ಆಮೇಲೆ ಸೇರಿಸಿದ ಕೋಣೆಯ ತಳಪಾಯ ಹಳೆಯದಕ್ಕಿಂತ ಮೇಲಿರುವುದರಿಂದ ಆ ಭಾಗ ಕುಸಿದಿದೆಯೆಂದು ಅಗೆದು ತೋರಿಸಿದರು. ಬಿರುಕಿಗೆ ಅಡ್ಡಲಾಗಿ ಗಾಜಿನ ತೆಳುಪಟ್ಟಿಯೊಂದನ್ನು ಗಾರೆಯಿಂದ ಕೂಡಿಸಿದರು. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆಯೆಂದೂ, ಒಡೆಯದಿದ್ದರೆ ನಿಂತಿದೆಯೆಂದೂ ಅರ್ಥ. ಒಂದು ಮಳೆಗಾಲ ಕಳೆಯಿತು, ಗಾಜು ಒಡೆಯಲಿಲ್ಲ. ಕ್ರಯಪತ್ರವಾದದ್ದು ಆ ಮಳೆಗಾಲದ ಮೇಲೆಯೇ.

ಹಿತ್ತಿಲ ಗೋಡೆಯಲ್ಲಿ ನೆಲದಿಂದ ಒಂದು ಅಡಿ ಮೇಲೆ ಮಸುಕಾದ ಒಂದು ಗೆರೆಯನ್ನೂ ಅವರು ಕಂಡುಹಿಡಿದರು. ನೀರು ನಿಂತ ಗುರುತು. ಪತ್ರದಲ್ಲಿ "ಉತ್ತರಕ್ಕೆ ಕಾಲುವೆ" ಎಂದಿದ್ದುದು ಕೆರೆಯ ಕೋಡಿಯ ನೀರು ಹರಿಯುವ ಹಳ್ಳ; ವರ್ಷಗಟ್ಟಲೆ ಬತ್ತಿದ್ದರಿಂದ ಜನ ಅದರಲ್ಲಿ ಕಸ ತುಂಬಿದ್ದರು. ಕೋಲಾರದ ಕೆರೆಗಳು ಹಿಂದಿನಂತೆ ಸದಾ ಒಣಗಿರುವುವೆಂದು ಈಗ ಎಣಿಸುವ ಹಾಗಿಲ್ಲ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯಿಂದ ಜಿಲ್ಲೆಯ ಅನೇಕ ಕೆರೆಗಳಿಗೆ ಬರುತ್ತಿದೆ. 2021ರ ನವೆಂಬರಿನ ಮಳೆಯಲ್ಲಿ ಎಷ್ಟೋ ಕೆರೆಗಳು ಕೋಡಿಹರಿದವು. ಬತ್ತಿದ ಹಳ್ಳವೂ ಗ್ರಾಮನಕ್ಷೆಯಲ್ಲಿ ಹಳ್ಳವೇ. ಅದನ್ನು ಒತ್ತಿ ಕಟ್ಟಿದವನನ್ನು ಸರ್ಕಾರ ಏಳಿಸದಿದ್ದರೆ ನೀರು ಏಳಿಸುವುದು. ನಾವು ಆ ಹಳ್ಳವನ್ನು ಬಿಟ್ಟು ಒಳಗೇ ಉಳಿದು, ಹಿತ್ತಿಲ ನೆಲವನ್ನು ಎತ್ತರಿಸಿದೆವು. ಕೊಳವೆಬಾವಿಯ ನೀರನ್ನೂ ಪರೀಕ್ಷೆಗೆ ಕಳುಹಿಸಿದೆವು. ಈ ಜಿಲ್ಲೆಯ ಆಳದ ನೀರಿನಲ್ಲಿ ಫ್ಲೋರೈಡು ಉಂಟೆಂಬುದು ಪ್ರಸಿದ್ಧ. ಲೀಟರಿಗೆ ಒಂದು ಮಿಲಿಗ್ರಾಮಿನೊಳಗಿದ್ದರೆ ಉತ್ತಮ, ಬೇರೆ ಗತಿಯಿಲ್ಲದಿದ್ದರೆ ಒಂದೂವರೆಯವರೆಗೆ ಸಹಿಸಬಹುದೆಂಬುದು ದೇಶದ ಮಾನದಂಡ. ಮೊಮ್ಮಕ್ಕಳು ಕುಡಿಯುವ ನೀರಿನ ವಿಷಯದಲ್ಲಿ ಊಹೆ ಸಲ್ಲದು.

ಇಷ್ಟಕ್ಕೆಲ್ಲ ಆದ ವೆಚ್ಚ ಮನೆಯ ಬೆಲೆಯಲ್ಲಿ ನೂರಕ್ಕೆ ಎರಡನ್ನು ಮುಟ್ಟಲಿಲ್ಲ. ತೊಲೆ ಮತ್ತು ಗಾರೆಯ ಕೆಲಸಕ್ಕಾಗಿ ಯಜಮಾನರು ಬೆಲೆಯಲ್ಲಿ ಇಳಿಸಿದ್ದೇ ಅದಕ್ಕಿಂತ ಹೆಚ್ಚು. ಹೆಣ್ಣು ಕೊಡುವಾಗ ಮೂರು ತಲೆಮಾರು ವಿಚಾರಿಸುವ ನಾವು, ಜೀವಮಾನದ ಗಳಿಕೆಯನ್ನು ಕೊಡುವಾಗ ಒಂದು ದಿನದ ವಿಚಾರಣೆಗೆ ಜಿಪುಣರಾಗುವುದು ವಿಚಿತ್ರವಲ್ಲವೆ?

ವಾಚಕರಲ್ಲಿ ಯಾರಾದರೂ ಇಂಥ ಕಾರ್ಯಕ್ಕೆ ಹೊರಟಿದ್ದರೆ ಅವರಿಗೆ ಈ ಕ್ರಮವನ್ನು ಸೂಚಿಸುವೆನು. ಮೊದಲು ಕಾಗದ: ಕನಿಷ್ಠ ಮೂವತ್ತು ವರ್ಷಗಳ ಋಣಭಾರ ಪತ್ರ, ಪಂಚಾಯತಿಯ ದಾಖಲೆ, ಮಾರುವವರ ವಂಶವೃಕ್ಷ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು ಮರೆಯಬಾರದು. ಪಿತ್ರಾರ್ಜಿತದಲ್ಲಿ ಅವರಿಗೂ ಸಮಭಾಗವೆಂದು ನಮ್ಮ ರಾಜ್ಯದಲ್ಲಿ 1994ರಲ್ಲೂ ದೇಶಕ್ಕೆಲ್ಲ 2005ರಲ್ಲೂ ಕಾನೂನಾಗಿದೆ. ಎಲ್ಲ ಭಾಗಸ್ಥರ ರುಜುವೂ ಇರಲಿ. ಎರಡನೆಯದು ಅಳತೆ: ನೆರೆಯವರನ್ನು ಮುಂದಾಗಿ ಕರೆದು, ಅವರ ಎದುರಿನಲ್ಲಿಯೇ ಆಗಲಿ, ಗುಟ್ಟಿನ ಅಳತೆ ಅಳತೆಯಲ್ಲ. ಮನೆಯ ಯಾವ ಭಾಗ ಗ್ರಾಮಠಾಣದೊಳಗೆ, ಯಾವ ಭಾಗ ಸರ್ವೆ ನಂಬರಿನಲ್ಲಿ ಎಂಬುದನ್ನು ನಕ್ಷೆಯ ಮೇಲೆ ತೋರಿಸಿಕೊಳ್ಳಬೇಕು. ಮೂರನೆಯದು ಕಟ್ಟಡ, ಕೂಡಿದರೆ ಮಳೆಗಾಲದಲ್ಲಿ ಒಮ್ಮೆ, ಬೇಸಗೆಯಲ್ಲಿ ಒಮ್ಮೆ ನೋಡುವುದು. ನಾಲ್ಕನೆಯದು ನೀರು. ಇವೆಲ್ಲ ಆದ ಮೇಲೆ ಮುಂಗಡ. ಅಳತೆಯ ನಕ್ಷೆಯನ್ನು ಕ್ರಯಪತ್ರಕ್ಕೆ ಲಗತ್ತಿಸಿ ನೋಂದಾಯಿಸಿದರೆ ಮುಂದಿನವರಿಗೆ ಹುಣಿಸೆಮರವನ್ನು ಹುಡುಕುವ ಕಷ್ಟ ತಪ್ಪುವುದು.

ಮುಂಗಡ ಕೊಟ್ಟ ಮೇಲೆ ಅಳೆಯುವವನು ತನ್ನ ಹಣವನ್ನು ಉಳಿಸಿಕೊಳ್ಳುವುದಕ್ಕಾಗಿ ತನ್ನ ಕಣ್ಣನ್ನೇ ಸಂದೇಹಿಸತೊಡಗುವನು. ಕೊಡುವ ಮುನ್ನ ಅಳೆಯುವವನಿಗೆ ಕಂಡದ್ದನ್ನು ಕಂಡಂತೆ ಹೇಳುವ ಸ್ವಾತಂತ್ರ್ಯವಿರುವುದು. ಆ ಸ್ವಾತಂತ್ರ್ಯವಿರುವಾಗಲೇ ಸರಪಳಿಯನ್ನು ಎಳೆಯಿಸುವುದು ಗೃಹಸ್ಥನಿಗೂ, ಅವನ ನೆರೆಯವರಿಗೂ ಕ್ಷೇಮ.